ಮೇಡಂ ಮನೆಯೋರು

ಸರ್ಕಾರಿ ಶಾಲೆಯ ಟೀಚರನ್ನು ಮದುವೆಯಾದ ಗಂಡಸಿಗೆ ಎರಡು ಜಾತಕ. ಒಂದು ಹುಟ್ಟಿದ ಗಳಿಗೆಯದು, ಇನ್ನೊಂದು ಹೆಂಡತಿಯ ವರ್ಗಾವಣೆ ಕೌನ್ಸೆಲಿಂಗಿನದು. ಮೊದಲನೆಯದರಲ್ಲಿ ಹನ್ನೆರಡು ಮನೆಗಳಿವೆ, ಏನೇ ದೋಷವಿದ್ದರೂ ಶಾಂತಿ ಮಾಡಿಸಿಕೊಳ್ಳಬಹುದು. ಎರಡನೆಯದರಲ್ಲಿ ಎ, ಬಿ, ಸಿ ಅಂತ ಮೂರೇ ವಲಯ. ಎ ಅಂದರೆ ಪೇಟೆಯೊಳಗೆ, ಬಿ ಅಂದರೆ ಪೇಟೆಯ ಆಸುಪಾಸು, ಸಿ ಅಂದರೆ ದೇವರಿಗೇ ಗೊತ್ತು. ಭದ್ರಾವತಿಯ ಎ ವಲಯದಲ್ಲಿ ಬಹುಕಾಲ ಹಾಯಾಗಿದ್ದ ನನ್ನ ಹೆಂಡತಿ ಒಂದು ದಿನ ಶಿವಮೊಗ್ಗದ ಕೌನ್ಸೆಲಿಂಗ್ ಹಾಲಿನಿಂದ ಫೋನ್ ಮಾಡಿದಳು.

“ಸಾಗರ ತಾಲ್ಲೂಕು, ಕರೂರು ಹೋಬಳಿ. ಲಾಂಚ್ ದಾಟಬೇಕು.”

“ದಾಟಿದ ಮೇಲೆ ಎಷ್ಟು ದೂರ?”

“ದಾಟಿದ ಮೇಲೆ ಎಲ್ಲಾ ಒಂದೇ ಅಂತ ಪಕ್ಕದಲ್ಲಿ ಕೂತ ಟೀಚರ್ ಹೇಳ್ತಿದಾರೆ.”

ನಾನಾಗ ಕಾಗದ ಕಾರ್ಖಾನೆ ನಿಂತ ಮೇಲೆ ಸ್ವಯಂ ನಿವೃತ್ತಿ ತಗೊಂಡು, ಮನೆಯ ಪೇಪರನ್ನು ಎರಡೆರಡು ಸಲ ಓದುತ್ತಾ ಕೂತಿದ್ದವನು. ಹೋಗೋಣವೋ ಬೇಡವೋ ಅಂತ ನನ್ನನ್ನು ಯಾರೂ ಕೇಳಲಿಲ್ಲ. ಲಾರಿಗೆ ಏರಿಸಬೇಕಾದ ಸಾಮಾನಿನ ಪಟ್ಟಿಯಲ್ಲಿ ಬೀರು, ಗ್ರೈಂಡರ್, ಎರಡು ಸಿಲಿಂಡರ್ ಆದ ಮೇಲೆ ನಾನಿದ್ದೆ ಅಂತ ನನಗೆ ಈಗಲೂ ಗುಮಾನಿ.

ಸುದ್ದಿ ತಿಳಿದದ್ದೇ ತಡ, ಶಿವಮೊಗ್ಗದ ದುರ್ಗಿಗುಡಿಯಿಂದ ದೊಡ್ಡಮ್ಮ ಬಂದಳು. ಶಿವಮೊಗ್ಗದವರ ಲೆಕ್ಕದಲ್ಲಿ ಹದಿನೆಂಟು ಕಿಲೋಮೀಟರ್ ಆಚೆಗಿರುವ ಭದ್ರಾವತಿಯೇ ಒಂದು ಗಡಿನಾಡು. ತುಂಗೆಯ ನೀರು ಕುಡಿದವರು ಭದ್ರೆಯ ನೀರು ಕುಡಿದವರನ್ನು ಸ್ವಲ್ಪ ಕನಿಕರದಿಂದಲೇ ನೋಡುತ್ತಾರೆ. ಇನ್ನು ಲಾಂಚ್ ದಾಟಿ ಶರಾವತಿ ಹಿನ್ನೀರಿನ ಆಚೆ ಅಂದರೆ ಕೇಳಬೇಕೆ? ದೊಡ್ಡಮ್ಮ ಒಂದು ಟಾರ್ಚು, ಕಾಲಿಗೆ ಹತ್ತುವ ಉಂಬಳಕ್ಕೆ ಹಾಕಲು ಒಂದು ಪೊಟ್ಟಣ ಸುಣ್ಣ, ಹೊಗೆಸೊಪ್ಪು ಕೊಟ್ಟು, ನನ್ನ ಮಗಳ ತಲೆ ಸವರಿ, ಸಮುದ್ರದಾಚೆಗೆ ಕಳಿಸುವವಳ ಹಾಗೆ ಅತ್ತಳು. ಆಕೆಯ ಸ್ವಂತ ಮಗ ಅಮೆರಿಕಕ್ಕೆ ಹೋದಾಗ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಅಲ್ಲಿಗೆ ವಿಮಾನ ಇದೆಯಲ್ಲ.

ನಮ್ಮ ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. 1923ರಿಂದ ಕಬ್ಬಿಣ ಕಾಯಿಸಿದ ಊರು, ಬೇಸಿಗೆಯಲ್ಲಿ ನಮ್ಮನ್ನೂ ಅದೇ ಹದಕ್ಕೆ ತರುತ್ತದೆ. ಅಂಥಲ್ಲಿಂದ ಹೊರಟ ನಾವು ಜೂನ್ ಮಳೆಯಲ್ಲಿ ಅಂಬಾರಗೋಡ್ಲು ಕಡವಿನಲ್ಲಿ ನಿಂತೆವು. ಲಾಂಚಿಗೆ ಮೊದಲು ಬಸ್ಸು ಏರಿತು, ಆಮೇಲೆ ಸಿಗಂದೂರಿಗೆ ಹೊರಟ ಭಕ್ತರ ಕಾರುಗಳು, ಎರಡು ಬೈಕು, ಕೊನೆಗೆ ನಮ್ಮ ಲಾರಿ. ಪಕ್ಕದಲ್ಲಿ ಅಡಿಕೆ ಮೂಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಎಲ್ಲಿಂದ ಬಂದದ್ದು ಅಂತ ಕೇಳಿದರು. ಭದ್ರಾವತಿ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಷ್ಟು ದೂರದಲ್ಲಿ ಇಷ್ಟು ವರ್ಷ ಹ್ಯಾಗಿದ್ರಿ ಮಾರಾಯ್ರೆ?” ಅಂದರು. ತಮಾಷೆಗಲ್ಲ, ದೊಡ್ಡಮ್ಮನಷ್ಟೇ ಕನಿಕರದಿಂದ.

ಬಂದ ವಾರದೊಳಗೆ ನನ್ನ ಹೆಸರು ಕಳೆದುಹೋಯಿತು. ಊರಿಗೆಲ್ಲ ನಾನು “ಮೇಡಂ ಮನೆಯೋರು.” ಹಾಲು ತರಲು ಹೋದರೆ “ಮೇಡಂ ಮನೆಯೋರು ಬಂದ್ರು” ಅಂತ ನಾಯಿಗೂ ತಿಳಿಸುತ್ತಿದ್ದರು. ಯಾರ ಮನೆಗೆ ಹೋದರೂ ಕುಡಿಯಲು ಆಸರಿಗೆ ಏನು ಅಂತ ಮೊದಲು ವಿಚಾರಣೆ, ಆಮೇಲೆ ಮಾತು. ಹಲಸಿನ ಹಣ್ಣಿನ ಕಾಲದಲ್ಲಂತೂ ನಮ್ಮ ಜಗಲಿ ಎಪಿಎಂಸಿ ಯಾರ್ಡಿನಂತಿತ್ತು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ತಗೊಂಡರೆ ನಾಳೆ ಇನ್ನೊಂದು ಬರುತ್ತದೆ.

ಮಗಳು ಅಮ್ಮನದೇ ಶಾಲೆಗೆ ಸೇರಿದಳು. ಮಕ್ಕಳ ಸಂಖ್ಯೆ ಇಪ್ಪತ್ತು ದಾಟದ ಶಾಲೆಯಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಹತ್ತು ಗಂಟೆಯಿಂದ “ಮಿಸ್” ಅನ್ನುವುದು, ಸಂಜೆಯಿಂದ “ಅಮ್ಮ” ಅನ್ನುವುದು. ಹೋಂವರ್ಕ್ ಯಾಕೆ ಮಾಡಿಲ್ಲ ಅಂದರೆ “ಮನೇಲಿ ಅಮ್ಮ ಪಾತ್ರೆ ತೊಳೆಸಿದ್ರು ಮಿಸ್” ಅಂತ ಎಲ್ಲರೆದುರು ಹೇಳಿದ್ದಳು. ಕಾರ್ಖಾನೆಯ ಊರಿನ ಹುಡುಗಿಯಾದ್ದರಿಂದ ತಮಿಳು, ಉರ್ದು, ತೆಲುಗು ಬೆರೆಸಿದ ಬೈಗುಳ ಆಕೆಯ ಬಾಯಲ್ಲಿ ಬೇಕಾದಷ್ಟಿತ್ತು. ಅದನ್ನು ಅಲ್ಲಿ ಧಾರಾಳವಾಗಿ ಹಂಚಿ, ಬದಲಿಗೆ ಮರ ಹತ್ತುವುದು, ಏಡಿ ಹಿಡಿಯುವುದು ಕಲಿತಳು. ಈ ವ್ಯಾಪಾರದಲ್ಲಿ ಲಾಭ ನಮ್ಮದೇ.

ನನಗೂ ಒಂದು ನೌಕರಿ ಸಿಕ್ಕಿತು, ಸಂಬಳವಿಲ್ಲದ್ದು. ಬಿಸಿಯೂಟ ಉಂಡ ಮಕ್ಕಳೆಷ್ಟು, ಮೊಟ್ಟೆ ತಿಂದವರೆಷ್ಟು, ಚಿಕ್ಕಿ ತಿಂದವರೆಷ್ಟು ಎಂಬುದನ್ನೆಲ್ಲ ಇಲಾಖೆಗೆ ಮೊಬೈಲಿನಲ್ಲೇ ತಿಳಿಸಬೇಕಿತ್ತು. ಶಾಲೆಯಲ್ಲಿ ಸಿಗ್ನಲ್ ಇಲ್ಲ. ಸಿಗ್ನಲ್ ಇರುವುದು ಊರ ಹಿಂದಿನ ಗುಡ್ಡದ ನೆತ್ತಿಯ ನೇರಳೆ ಮರದ ಬುಡದಲ್ಲಿ, ಅದೂ ಪೂರ್ವಕ್ಕೆ ಮುಖ ಮಾಡಿ ನಿಂತರೆ. ಮೇಡಂ ಮನೆಯೋರು ದಿನಾ ಮಧ್ಯಾಹ್ನ ಕೊಡೆ ಹಿಡಿದು ಗುಡ್ಡ ಹತ್ತಿ, ಸಂಖ್ಯೆ ಕಳಿಸಿ, ಉಂಬಳ ಕೀಳುತ್ತಾ ಇಳಿಯುತ್ತಿದ್ದರು. ಆ ಮರದ ಬುಡದಲ್ಲಿ ನನ್ನಂತೆ ಪೂರ್ವಾಭಿಮುಖರಾಗಿ ನಿಂತವರು ಹಲವರಿದ್ದರು. ದೂರದಿಂದ ಕಂಡವರು ಸಂಧ್ಯಾವಂದನೆ ಅಂದುಕೊಂಡಾರು.

ಆ ಮರದ ಬುಡದಲ್ಲೇ ಅಡಿಕೆ ಮೂಟೆಯ ಹಿರಿಯರು ಮತ್ತೆ ಸಿಕ್ಕರು. ಆ ಕಡೆಯವರೆಲ್ಲ ಮೊದಲು ಇಷ್ಟು ಮೂಲೆಯಲ್ಲಿ ಇರಲಿಲ್ಲವಂತೆ. ಸಾಗರಕ್ಕೆ ಎತ್ತಿನ ಗಾಡಿ ಹೋಗುತ್ತಿದ್ದ ದಾರಿಯಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಏರಿದಳು, ದಾರಿ ಕೆಳಗಾಯಿತು, ಊರು ಆಚೆಯಾಯಿತು. ಮುಳುಗಡೆಯವರನ್ನು ಲಾರಿಗಳಲ್ಲಿ ತುಂಬಿಸಿ ಶಿವಮೊಗ್ಗದ ಕಡೆಯ ಕಾಡುಗಳಲ್ಲಿ ಇಳಿಸಿದರು. ಅವರಲ್ಲಿ ಎಷ್ಟೋ ಮನೆಗಳವರು ಜಮೀನಿನ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಕರೆಂಟು ರಾಜ್ಯಕ್ಕೆಲ್ಲ ಹೋಯಿತು, ನೀರಿನ ದಡದ ಎಷ್ಟೋ ಹಳ್ಳಿಗಳು ಬಹುಕಾಲ ಚಿಮಣಿ ಬುಡ್ಡಿಯಲ್ಲೇ ಇದ್ದವು. ನಮ್ಮೂರ ಕಬ್ಬಿಣದ ಕುಲುಮೆಗೂ ಜೋಗದ ಕಡೆಯ ಕರೆಂಟೇ ಬರುತ್ತಿತ್ತು ಅಂತ ನನಗೆ ಗೊತ್ತಿತ್ತು. ಆ ಹೊತ್ತಿಗೆ ಹೇಳಲು ಬಾಯಿ ಬರಲಿಲ್ಲ. “ನಮ್ಮ ಚಿಕ್ಕಪ್ಪ ಆ ಲಾರೀಲಿ ಹೋದೋನು. ನೀವು ಎದುರು ದಿಕ್ಕಿಗೆ ಲಾರಿ ತಂದ್ರಿ ನೋಡಿ, ಅದಕ್ಕೇ ಅವತ್ತು ಕೇಳಿದ್ದು” ಅಂದರು ಹಿರಿಯರು.

ಲಾಂಚು ಸಂಜೆಯ ಹೊತ್ತಿಗೆ ನಿಲ್ಲುತ್ತಿತ್ತು. ಆಮೇಲೆ ಯಾರಿಗಾದರೂ ಹೊಟ್ಟೆನೋವು ಬಂದರೆ, ಹೆರಿಗೆ ಬಂದರೆ, ನಿಟ್ಟೂರು, ಹೊಸನಗರದ ಕಡೆಯಿಂದ ಸುತ್ತಬೇಕು. ಒಂದು ರಾತ್ರಿ ಪಕ್ಕದ ಮನೆಯ ಸೊಸೆಯನ್ನು ಹಾಗೆ ಜೀಪಿನಲ್ಲಿ ಸಾಗಿಸಿದ್ದನ್ನು ಕಂಡವನು ನಾನು. ಹಾಗಾಗಿ 2025ರ ಜುಲೈ 14ರಂದು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದಾಗ ಊರವರ ಜೊತೆ ನಾನೂ ಕುಣಿದೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಸಂಸಾರಸ್ಥನ ಕಷ್ಟ ಬೇರೆ. ಲಾಂಚಿನ ಕಾಲದಲ್ಲಿ ನಮ್ಮ ಮನೆಗೆ ನೆಂಟರು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಬಂದವರನ್ನೂ ನಾಲ್ಕು ಗಂಟೆಗೆ “ಕೊನೇ ಲಾಂಚು ತಪ್ಪಿಬಿಡುತ್ತೆ, ಬೇಜಾರು ಮಾಡ್ಕೋಬೇಡಿ” ಅಂತ ಅತ್ಯಂತ ವಿನಯದಿಂದ ಎಬ್ಬಿಸಬಹುದಿತ್ತು. ಈಗ ಭಾನುವಾರ ಬಂತೆಂದರೆ ಶಿವಮೊಗ್ಗದಿಂದ ಕಾರು, ಭದ್ರಾವತಿಯಿಂದ ಕಾರು. ಬೆಳಿಗ್ಗೆ ಸೇತುವೆಯ ಮೇಲೆ ಸೆಲ್ಫಿ, ಆಮೇಲೆ ಸಿಗಂದೂರು ಚೌಡೇಶ್ವರಿ, ಮಧ್ಯಾಹ್ನ ನಮ್ಮ ಮನೆ. ಅಯ್ಯೋ ಆ ಕಾಡಿಗಾ ಅಂತ ಅತ್ತಿದ್ದ ದೊಡ್ಡಮ್ಮ ಹೋದ ವಾರ ಬಂದು, ಉಂಡು, ಮಲಗಿ, ಎದ್ದು, ಕತ್ತಲಾಗುತ್ತಿದ್ದರೂ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ.

“ಅದ್ಯಾಕೆ ನೋಡ್ತೀಯ? ಈಗೇನು ಸೇತುವೆ ಆಗಿದೆಯಲ್ಲ, ಎಷ್ಟು ಹೊತ್ತಿಗೆ ಹೊರಟರೂ ನಡೆಯುತ್ತೆ” ಅಂದ ದೊಡ್ಡಮ್ಮ ಒಳಗೆ ತಿರುಗಿ, “ಮೇಡಂ, ಇನ್ನೊಂದು ಲೋಟ ಕಾಫಿ ಆಗುತ್ತೇನಮ್ಮ?” ಅಂದಳು. ಒಳಗಿಂದ ಮೇಡಂ ನನ್ನನ್ನು ಕರೆದಳು.