ಷರತ್ತು-ದೋಷ ಮೀಮಾಂಸೆ: ಬಾಲಗ್ರಹಣ ಪ್ರಕರಣ

'ಹೀಗಾದರೆ ಹಾಗಾಗುತ್ತದೆ' ಎಂಬ ಆಕಾರದ ಷರತ್ತಿನ ವಾಕ್ಯದಲ್ಲಿ ಮೊದಲ ಭಾಗಕ್ಕೆ ಪೂರ್ವಾಂಗವೆಂದೂ ಎರಡನೆಯದಕ್ಕೆ ಉತ್ತರಾಂಗವೆಂದೂ ಹೆಸರು. ಪೂರ್ವಾಂಗ ನಿಜವೆಂದು ತಿಳಿದಾಗ ಉತ್ತರಾಂಗವನ್ನು ಒಪ್ಪುವುದು, ಉತ್ತರಾಂಗ ಸುಳ್ಳೆಂದು ತಿಳಿದಾಗ ಪೂರ್ವಾಂಗವನ್ನು ಕೈಬಿಡುವುದು, ಇವೆರಡೇ ಶಾಸ್ತ್ರಸಮ್ಮತ ಮಾರ್ಗಗಳಾಗಿದ್ದರೂ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಉಳಿದೆರಡು ಅಡ್ಡದಾರಿಗಳನ್ನೇ ನಿಷ್ಠೆಯಿಂದ ತುಳಿಯುತ್ತ ಬಂದಿರುವುದರಿಂದ, ಆ ದಾರಿಗಳಿಗೂ ಗೌರವದ ಹೆಸರಿಡುವುದು ಅನಿವಾರ್ಯವಾಗಿದೆ. ಉತ್ತರಾಂಗವನ್ನು ಹಿಡಿದು ಪೂರ್ವಾಂಗವನ್ನು ಎಳೆದು ತರುವುದು ಬಾಲಗ್ರಹಣ ದೋಷ. ಪೂರ್ವಾಂಗ ಇಲ್ಲವೆಂದು ಉತ್ತರಾಂಗವನ್ನೂ ಇಲ್ಲವಾಗಿಸುವುದು ಶಿರಶ್ಛೇದ ದೋಷ.

ಕರೆಂಟು ಹೋದರೆ ಪರೀಕ್ಷಾ ಕೊಠಡಿಯ ಫ್ಯಾನು ನಿಲ್ಲುತ್ತದೆ. ಫ್ಯಾನು ನಿಂತಿರುವುದನ್ನು ಕಂಡೊಡನೆ ಕರೆಂಟು ಹೋಯಿತೆಂದು ನಿಶ್ಚಯಿಸಿ ವಿದ್ಯುತ್ ಇಲಾಖೆಯನ್ನು ಶಪಿಸುವವನು ಬಾಲಗ್ರಾಹಿ. ಉತ್ತರಪತ್ರಿಕೆ ಹಾರುತ್ತದೆಂದು ಮೇಲ್ವಿಚಾರಕರೇ ರೆಗ್ಯುಲೇಟರನ್ನು ಸೊನ್ನೆಗೆ ತಿರುಗಿಸಿರಬಹುದೆಂಬುದು, ತಲೆಯ ಮೇಲೆಯೇ ಟ್ಯೂಬ್‌ಲೈಟು ಉರಿಯುತ್ತಿದ್ದರೂ, ಅವನಿಗೆ ಹೊಳೆಯುವುದಿಲ್ಲ. ಕರೆಂಟು ಹೋಗಿಲ್ಲವಾದ್ದರಿಂದ ಫ್ಯಾನು ತಿರುಗುತ್ತಲೇ ಇದೆಯೆಂದು ವಾದಿಸುತ್ತ ಬೆವರುವವನು ಶಿರಶ್ಛೇದಿ. ಈ ಪಂಗಡ ವಿರಳ, ಹಠ ಹೆಚ್ಚು.

ಪ್ರಾಚೀನರು ಈ ಬಾಲಗ್ರಹಣವನ್ನು ಕಾಣದವರಲ್ಲ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆಂಬ ತಪ್ಪದ ಸಾಹಚರ್ಯವನ್ನು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ವ್ಯಾಪ್ತಿ ಎಂದರು. ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಲು ಬಿಡಲಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ, ಹೊಗೆ ಏಳಬೇಕಾದರೆ ಹಸಿ ಸೌದೆಯ ಸಂಪರ್ಕ ಬೇಕು ಎಂದು 17ನೆಯ ಶತಮಾನದ ಅನ್ನಂಭಟ್ಟನ 'ತರ್ಕಸಂಗ್ರಹ' ವಿವರಿಸುತ್ತದೆ. ಹೀಗೆ ಮರೆಯಲ್ಲಿ ನಿಂತ ಹೆಚ್ಚುವರಿ ಷರತ್ತಿಗೆ ಉಪಾಧಿ ಎಂದು ಹೆಸರು; ಫ್ಯಾನಿನ ಪ್ರಕರಣದಲ್ಲಿ ಆ ಹಸಿ ಸೌದೆಯ ಸ್ಥಾನ ರೆಗ್ಯುಲೇಟರಿಗೆ ಸಲ್ಲಬೇಕು.

ಆಧುನಿಕರಲ್ಲಿ ಮನೋವಿಜ್ಞಾನಿ ಪೀಟರ್ ವೇಸನ್ 1966ರಲ್ಲಿ ಪ್ರಕಟಿಸಿದ ನಾಲ್ಕು ಕಾರ್ಡುಗಳ ಒಗಟು ಪ್ರಸಿದ್ಧ. ಕನ್ನಡಕ್ಕೆ ಒಗ್ಗಿಸಿ ಹೇಳುವುದಾದರೆ, ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿಯಿರುವ ಕಾರ್ಡುಗಳಲ್ಲಿ ಅ, ಕ, 4, 7 ಕಾಣುತ್ತಿವೆ. 'ಸ್ವರವಿದ್ದರೆ ಹಿಂದೆ ಸಮಸಂಖ್ಯೆಯಿದೆ' ಎಂಬ ನಿಯಮವನ್ನು ಪರೀಕ್ಷಿಸಲು ಯಾವುದನ್ನು ಮಗುಚಬೇಕು? ಬಹುಮಂದಿ ಅ ಮತ್ತು 4 ಎನ್ನುತ್ತಾರೆ. 4ರ ಹಿಂದೆ ಏನಿದ್ದರೂ ನಿಯಮಕ್ಕೆ ಧಕ್ಕೆಯಿಲ್ಲ, ಆದರೆ 7ರ ಹಿಂದೆ ಸ್ವರ ಸಿಕ್ಕರೆ ನಿಯಮ ಮುರಿಯುತ್ತದೆ. ಆದ್ದರಿಂದ ಉತ್ತರ ಅ ಮತ್ತು 7. ಇದೇ ಒಗಟನ್ನು 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಸಂಶೋಧಕರು, ಬಿಯರ್ ಕುಡಿಯುವವರಿಗೆ 19 ವರ್ಷ ದಾಟಿರಬೇಕೆಂಬ ನಿಯಮವಾಗಿ ಬದಲಿಸಿ ಅಮೆರಿಕದ ಫ್ಲಾರಿಡಾದ ವಿದ್ಯಾರ್ಥಿಗಳಿಗೆ ಕೊಟ್ಟಾಗ ಸುಮಾರು ಮುಕ್ಕಾಲು ಪಾಲು ಜನ ಸರಿಯುತ್ತರ ಕೊಟ್ಟರು. ಅಕ್ಷರಗಳ ವಿಷಯದಲ್ಲಿ ಮಂಕಾಗುವ ಬುದ್ಧಿ, ಪಕ್ಕದವನ ಲೋಟದಲ್ಲಿ ಏನಿದೆ ಎಂಬ ವಿಷಯದಲ್ಲಿ ನ್ಯಾಯದರ್ಶನದ ಗೌತಮ ಮಹರ್ಷಿಗೆ ಸಮನಾಗುತ್ತದೆಂಬುದು ಇದರಿಂದ ಸಿದ್ಧವಾಯಿತು (ಈ ಸಿದ್ಧಾಂತವೂ ಬಾಲ ಹಿಡಿದು ಬಂದದ್ದೆಂದು ಯಾರೂ ಆಕ್ಷೇಪಿಸಬಾರದು).

ಆದಕಾರಣ ಪ್ರಶ್ನೆಪತ್ರಿಕೆ ರಚಿಸುವ ವಿದ್ವಾಂಸರು ಇನ್ನು ಮುಂದೆ ಸ್ವರ-ವ್ಯಂಜನಗಳನ್ನು ಕೈಬಿಟ್ಟು, ಟಿಕೆಟಿಲ್ಲದ ಪ್ರಯಾಣಿಕರನ್ನೂ ಆಹ್ವಾನವಿಲ್ಲದೆ ಮದುವೆಯೂಟಕ್ಕೆ ಕುಳಿತವರನ್ನೂ ಪ್ರಶ್ನೆಗಳಲ್ಲಿ ಧಾರಾಳವಾಗಿ ಸೇರಿಸಬೇಕೆಂದು ಸವಿನಯವಾಗಿ ಕೋರಲಾಗಿದೆ.