ಕುಳಿತಲ್ಲೇ ಪರ್ವತಾರೋಹಣ

1648ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಪ್ಯುಯಿ ದ ಡೋಮ್ ಬೆಟ್ಟವನ್ನು ಪಾದರಸದ ಕೊಳವೆ ಹೊತ್ತು ಹತ್ತಿದವನು ಬ್ಲೇಸ್ ಪಾಸ್ಕಲ್ ಅಲ್ಲ, ಅವನ ಅಕ್ಕನ ಗಂಡ ಫ್ಲೋರಿನ್ ಪೆರಿಯೆ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆಂಬುದು ಸಾಬೀತಾಯಿತು. ಒತ್ತಡದ ಏಕಮಾನಕ್ಕೆ ಪಾಸ್ಕಲನ ಹೆಸರು ಬಂತು. ಬೆವರು ಸುರಿಸಿದ ಭಾವನಿಗೆ ಏನೂ ದಕ್ಕಲಿಲ್ಲ.

ಚಾರಣದ ಗಡಿಯಾರಗಳ ಆಲ್ಟಿಮೀಟರು ಇವತ್ತಿಗೂ ನಂಬಿಕೊಂಡಿರುವುದು ಆ ಭಾವನ ಬೆವರನ್ನೇ. ಅದಕ್ಕೆ ಎತ್ತರ ಗೊತ್ತಿಲ್ಲ. ಗಾಳಿಯ ಒತ್ತಡ ನೋಡಿ ಅಂದಾಜು ಕಟ್ಟುತ್ತದೆ.

ಕುಮಾರ ಪರ್ವತದ ಚಾರಣಕ್ಕೆಂದು ಇಂಥದೊಂದು ಗಡಿಯಾರ ಕೊಂಡ ಬಸವನಗುಡಿಯ ರಾಯರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕಾಫಿ ಲೋಟ ಕೆಳಗಿಟ್ಟು ನೋಡಿದರು: 920 ಮೀಟರ್. ಊಟಕ್ಕೆ ಏಳುವ ಹೊತ್ತಿಗೆ 931. ಸಾರನ್ನದ ನಡುವೆ 934. ಮಜ್ಜಿಗೆಗೆ ಬರುವಷ್ಟರಲ್ಲಿ 936. ನಿದ್ದೆಗೆ ರಜೆ ಕೊಟ್ಟು ಕುರ್ಚಿಯಲ್ಲೇ ಕಾದರು. ನಾಲ್ಕಕ್ಕೆ 946!

“ಲೇ, ಮನೆ ಮೇಲಕ್ಕೆ ಹೋಗ್ತಿದೆ ಕಣೇ!”

“ಹೋಗ್ಲಿ ಬಿಡಿ. ಹಾಗೇ ತಾರಸಿ ಮೇಲಿನ ಹಪ್ಪಳ ಎತ್ಕೊಂಡು ಬನ್ನಿ.”

ರಾತ್ರಿ ಹತ್ತಕ್ಕೆ ಮನೆ ಸದ್ದಿಲ್ಲದೆ ಕೆಳಗಿಳಿದಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಟಾರ್ಚ್ ಹಿಡಿದು ನೋಡಿದರೆ ಮತ್ತೆ ಏರಿತ್ತು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಅವರು ಮನೆಯ ಏರಿಳಿತ ಬರೆದಿಡತೊಡಗಿದರು. ವಾಸ್ತವದಲ್ಲಿ ಏರಿಳಿದದ್ದು ಗಾಳಿಯ ಒತ್ತಡ. ಉಷ್ಣವಲಯದಲ್ಲಿ ವಾಯುಭಾರ ದಿನಕ್ಕೆರಡು ಸಲ, ಸುಮಾರು ಹತ್ತು ಗಂಟೆಗೆ ಹೆಚ್ಚಿ, ನಾಲ್ಕಕ್ಕೆ ತಗ್ಗುತ್ತದೆ. ಅಷ್ಟಕ್ಕೇ ಗಡಿಯಾರ 20–30 ಮೀಟರ್ ಹತ್ತಿಬಿಡುತ್ತದೆ. ಎತ್ತರ ಖಚಿತವಾಗಿ ಗೊತ್ತಿರುವ ಕಡೆ ನಿಂತು ಆಗಾಗ ತಿದ್ದಿಕೊಳ್ಳಿ ಎಂದು ಕೈಪಿಡಿ ಹೇಳುತ್ತದೆ. ಕೈಪಿಡಿ ಓದುವ ಗಂಡಸರು ವಿರಳ.

ಕೊನೆಗೆ ತಂಡದೊಂದಿಗೆ ಚಾರಣ ಹೊರಟರು. ಸುಬ್ರಹ್ಮಣ್ಯ, ಗಿರಿಗದ್ದೆ, ಅಲ್ಲಿನ ಭಟ್ಟರ ಮನೆಯ ಅನ್ನ-ಸಾಂಬಾರು: ಅಲ್ಲಿಯವರೆಗೆ ವಿಶೇಷವಿಲ್ಲ. ಹಲ್ಲು ಕಟಕಟ ಎನ್ನುವ ಮುಂಜಾನೆ ಗಡಿಯಾರ 31 ಡಿಗ್ರಿ ತೋರಿಸಿತು. ಅದು ಅಳೆದದ್ದು ಚರ್ಮದ ಬಿಸಿಯನ್ನು. ಹೊರಗಿನ ತಾಪ ಬೇಕಾದರೆ ಬಿಚ್ಚಿಟ್ಟು ಅರ್ಧ ಗಂಟೆ ಕಾಯಬೇಕು. ಬಿಚ್ಚಲು ಅವರು ಒಪ್ಪಲಿಲ್ಲ.

ಶೇಷ ಪರ್ವತದ ಏರಿನಲ್ಲಿ ಬಿರುಗಾಳಿಯ ಅಲಾರಂ ಕಿರುಚಿತು. ತೊಳೆದಿಟ್ಟಂಥ ನೀಲಿ ಆಕಾಶ. ರಾಯರು ಎರಡೂ ಕೈ ಚಾಚಿ ತಂಡವನ್ನು ತಡೆದರು. ಜೊತೆಗಿದ್ದ ಊರಿನ ಹುಡುಗ ಹೇಳಿದ: “ಮಳೆ ಇಲ್ಲ ಸಾರ್. ನೀವು ಹತ್ತುತ್ತಿದ್ದೀರಿ, ಅಷ್ಟೆ.” ಮೂರು ಗಂಟೆಯೊಳಗೆ ಒತ್ತಡ 4 ಹೆಕ್ಟೊಪ್ಯಾಸ್ಕಲ್ ಕುಸಿದರೆ ಕೂಗುವ ಅಲಾರಂ ಅದು. 40 ಮೀಟರ್ ಏರಿದರೂ ಅಷ್ಟೇ ಕುಸಿಯುತ್ತದೆ. ರಾಯರ ಗಡಿಯಾರ, ಒತ್ತಡದ ಇಳಿತವನ್ನೆಲ್ಲ ಹವಾಮಾನವೆಂದೇ ಓದುವ ಬ್ಯಾರೋಮೀಟರ್ ಮೋಡಿನಲ್ಲೇ ಉಳಿದಿತ್ತು.

ಇಲ್ಲಿ ನಗುವುದಕ್ಕೂ ಮಿತಿಯಿದೆ. ಮಂಜು ಕವಿದರೆ ಘಟ್ಟದಲ್ಲಿ ಎದುರಿನ ಬಂಡೆಯೂ ಕಾಣದು. ದಿಕ್ಸೂಚಿ ಉತ್ತರ ತೋರಿಸೀತು, ಕಾಲುದಾರಿಯನ್ನಲ್ಲ. ಆ ಹುಡುಗ ಇಲ್ಲದೆ ಹೋಗುವ ಧೈರ್ಯ ಗಡಿಯಾರದಿಂದ ಬಂದಿದ್ದರೆ ಅದು ಅಪಾಯದ ಧೈರ್ಯ.

2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜಾತ್ರೆಯೇ ನೆರೆದು, ಚಾರಣವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಹಾಗೆ ಬರುವವರಲ್ಲಿ ಕೆಲವರ ಬೆನ್ನಿಗೆ ಬ್ಲೂಟೂತ್ ಸ್ಪೀಕರ್ ಇರುತ್ತದೆ. ಅಂಥವರು ಅರ್ಧ ಮೈಲಿ ದೂರದಲ್ಲಿರುವಾಗಲೇ ಕೂಗುವ ಅಲಾರಮೊಂದು ಬಂದರೆ ಇನ್ನೆರಡು ಸಾವಿರ ಹೆಚ್ಚು ಕೊಡಲು ರಾಯರು ಸಿದ್ಧ. ಹೆಂಡತಿಗೆ ಇನ್ನೂ ಹೇಳಿಲ್ಲ.