ಫುಲ್‌ಸ್ಟಾಕ್ ಮಹಾಶಯ

ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯ ಹುಟ್ಟಿದ್ದು 1614ರಲ್ಲಿ. ಆ್ಯಪಿನ ಮುಂಬದಿ, ಹಿಂಬದಿ ಎರಡನ್ನೂ ತಾನೊಬ್ಬನೇ ಕಟ್ಟಬಲ್ಲೆನೆನ್ನುವ ನಮ್ಮ ಫುಲ್‌ಸ್ಟಾಕ್ ಮಹಾಶಯನಿಗೆ ಪಾಠ ಹೇಳುವ ಯೋಗ ಅದಕ್ಕೆ ಕೂಡಿಬಂದದ್ದು ತೀರ ಈಚೆಗೆ. ಅದರ ಝೆರ್ನಿಕೆ ಕ್ಯಾಂಪಸ್ಸಿನ ಬೆರ್ನುಲಿಬೋರ್ಗ್ ಕಟ್ಟಡಕ್ಕೆ ಎದುರುಗಾಳಿಯಲ್ಲಿ ಏದುಸಿರು ಬಿಡುತ್ತ ಸೈಕಲ್ ತುಳಿದು ಬರುವ ಕಂಪ್ಯೂಟರ್ ಎಂ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಈತನನ್ನು ಗುರುತಿಸುವುದು ಕಷ್ಟವಲ್ಲ. ಲ್ಯಾಪ್‌ಟಾಪಿನ ಮುಚ್ಚಳದ ತುಂಬ ರಿಯಾಕ್ಟ್, ನೋಡ್, ಡಾಕರ್ ಎಂಬ ತಂತ್ರಾಂಶಗಳ ಸ್ಟಿಕ್ಕರ್. ಬೆಂಗಳೂರಿನ ಕಂಪನಿಯಲ್ಲಿ ದುಡಿದ ಎರಡು ವರ್ಷ ಸದಾ ನಾಲಿಗೆಯ ತುದಿಯಲ್ಲಿ. ವೆಬ್ ಎಂಜಿನಿಯರಿಂಗ್ ಪತ್ರಿಕೆ ತೆಗೆದುಕೊಂಡದ್ದು ‘ಸುಮ್ನೆ ಕ್ರೆಡಿಟ್ಟಿಗೆ ಮಗಾ’. 5 ಕ್ರೆಡಿಟ್ಟಿನ ಪತ್ರಿಕೆ ಎಂದರೆ ಡಚ್ಚರ ಲೆಕ್ಕದಲ್ಲಿ 140 ಗಂಟೆಗಳ ಓದು. ಈತನ ಲೆಕ್ಕದಲ್ಲಿ ಒಂದು ಶನಿವಾರ, ಅದೂ ಮಧ್ಯಾಹ್ನದ ನಿದ್ದೆ ಕಳೆದು.

ಆ ಶನಿವಾರ ಪತ್ರಿಕೆಗೆ ಒಪ್ಪಿಸಬೇಕಾದ ಆ್ಯಪ್ ಸಿದ್ಧವಾಗಿಯೂ ಬಿಡುತ್ತದೆ, ಅದನ್ನು ಒಪ್ಪಬೇಕು. ಗುಂಡಿ ಒತ್ತಿದರೆ ಪುಟ ತೆರೆಯುತ್ತದೆ, ಪಟ್ಟಿಯಲ್ಲಿದ್ದದ್ದು ಅಳಿಯುತ್ತದೆ. ಅಳಿಸುವುದಕ್ಕೆ ಗೆಟ್ ಕೋರಿಕೆಯನ್ನೇಕೆ ಬಳಸಿದೆ ಎಂದು ಮೇಷ್ಟ್ರು ಕೇಳಿದಾಗ ಮಾತ್ರ ‘ರನ್ ಆಗ್ತಿದೆಯಲ್ಲ ಸರ್’ ಎಂಬ ಭಾವ ಮುಖದಲ್ಲಿ ಮೂಡುತ್ತದೆ. (ಅಲ್ಲಿ ಮೇಷ್ಟ್ರನ್ನು ಹೆಸರು ಹಿಡಿದೇ ಕರೆಯುವುದು ರೂಢಿ, ಈತನಿಗೆ ‘ಸರ್’ ನೆನಪಾಗುವುದು ಕಷ್ಟಕಾಲದಲ್ಲಿ.) ಗೆಟ್ ಎಂದರೆ ತಂದು ತೋರಿಸು ಎಂದಷ್ಟೇ, ಅದರಿಂದ ಏನೂ ಬದಲಾಗಬಾರದು ಎಂದು ವೆಬ್ಬಿನ ಎಚ್‌ಟಿಟಿಪಿ ನಿಯಮಾವಳಿ 1999ರಲ್ಲೇ ಹೇಳಿತ್ತು. 2005ರಲ್ಲಿ ಬಂದ ಗೂಗಲ್ ವೆಬ್ ಆ್ಯಕ್ಸಲರೇಟರ್, ಬಳಕೆದಾರ ಮುಂದೆ ತೆರೆಯಬಹುದಾದ ಕೊಂಡಿಗಳನ್ನು ತಾನೇ ಮುಂಚಿತವಾಗಿ ತೆರೆದಿಡುತ್ತಿತ್ತು. ಅಳಿಸುವ ಗುಂಡಿಯನ್ನು ಸಾದಾ ಕೊಂಡಿಯಾಗಿ ಕಟ್ಟಿದ್ದ ಆ್ಯಪ್‌ಗಳಲ್ಲಿ ಅದನ್ನೂ ವಿಧೇಯವಾಗಿ ತೆರೆಯಿತು. ಜನ ಕೂಡಿಟ್ಟದ್ದು ಕಣ್ಣೆದುರೇ ಮಾಯವಾಯಿತು. ಆ ಆ್ಯಪ್‌ಗಳೂ ಚೆನ್ನಾಗಿಯೇ ರನ್ ಆಗುತ್ತಿದ್ದವು. ರನ್ ಮಾಡಿಸುವ ಕೆಲಸವನ್ನು ಬಿ.ಇ.ಯಲ್ಲೇ ಮುಗಿಸಿರಬೇಕು, ಏಕೆ ಹೀಗೆ ಕಟ್ಟಿದೆ, ಎಲ್ಲಿ ಕುಸಿಯುತ್ತದೆ ಎಂದು ಹೇಳಬಲ್ಲವನಿಗೇ ಎಂ.ಎಸ್ಸಿ. ಸಲ್ಲುವುದು.

ಕಂಪನಿಗೆ ಬೇಕಾದದ್ದು ಕೆಲಸ ಬಲ್ಲವರು, ‘ಏಕೆ’ ಎಂದು ವರದಿ ಬರೆಯುವವರಲ್ಲ ಎಂದು ಮಹಾಶಯನ ವಕೀಲರು ವಾದಿಸಬಹುದು. ಯಾವ ಕೆಲಸ? 2006ರಲ್ಲಿ ಬಂದ ಜೆಕ್ವೆರಿ ಎಂಬ ತಂತ್ರಾಂಶವನ್ನು ಜಗತ್ತೆಲ್ಲ ಕಲಿಯಿತು. 2013ರಲ್ಲಿ ರಿಯಾಕ್ಟ್ ಬಂತು, ಸ್ಟಿಕ್ಕರ್ ಬದಲಾಯಿತು. ಗೆಟ್‌ನ ನಿಯಮ ಇದ್ದಲ್ಲೇ ಇದೆ. ತಪ್ಪು ಅವನದಲ್ಲ, ಲ್ಯಾಬ್ ರೆಕಾರ್ಡ್ ನಕಲು ಮಾಡಿಸಿ, ವೈವಾಕ್ಕೆ ಉತ್ತರ ಬಾಯಿಪಾಠ ಮಾಡಿಸಿದ ನಮ್ಮ ಕಾಲೇಜುಗಳದು ಎಂಬ ಎರಡನೆಯ ವಾದಕ್ಕೆ ಹೆಚ್ಚು ತೂಕವಿದೆ. ಫೈನಲ್ ಇಯರ್ ಪ್ರಾಜೆಕ್ಟನ್ನು ಕಾಸು ಕೊಟ್ಟರೆ ವರದಿ ಸಮೇತ ಕೈಗಿಡುವ ಅಂಗಡಿಗಳು ಬೆಂಗಳೂರಿನಲ್ಲಿರುವಾಗ ‘ಏಕೆ’ ಎಂದು ಯಾರು ಯಾರನ್ನು ಕೇಳಬೇಕು? ಆದರೂ ಇದು ಬಿ.ಇ. ಮುಗಿಯುವವರೆಗಿನ ಸಮಜಾಯಿಷಿ. ಅಷ್ಟು ಶುಲ್ಕ ಕಟ್ಟಿ, ಉತ್ತರ ಸಮುದ್ರದ ಚಳಿಗಾಳಿ ಕುಡಿದು ಮತ್ತೆ ಅದೇ ರೆಕಾರ್ಡ್ ಬರೆಯುವವನಿಗೆ ಪೂರ್ತಿ ಮಾಫಿ ಕೊಡಲಾಗದು.

ಡಚ್ಚರು ಹತ್ತಕ್ಕೆ ಅಂಕ ಕೊಡುತ್ತಾರೆ. ಎಂಟು ಬಂದರೆ ಸಂಭ್ರಮ, ಹತ್ತು ಕಂಡವರು ವಿರಳ. ನೂರಕ್ಕೆ ತೊಂಬತ್ತರ ಲೆಕ್ಕದಲ್ಲಿ ಬೆಳೆದ ನಮ್ಮ ಮಹಾಶಯ ಏಳು ಬಂದರೆ ಮನೆಗೆ ಫೋನೇ ಮಾಡುವುದಿಲ್ಲ. ಆ್ಯಪ್ ಓಡುತ್ತದಾದ್ದರಿಂದ ಅವನಿಗೆ ಆರು ಸಲ್ಲುತ್ತದೆ, ಅದಕ್ಕಿಂತ ಅರ್ಧ ಅಂಕವೂ ಹೆಚ್ಚಲ್ಲ.